ಎರಡನೇ ಕೃಷ್ಣ, ಹದಿನೈದನೇ ಡಾಕ್ಟರ್

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಭಾನುವಾರ ಬೆಳಿಗ್ಗೆ ವಾಕಿಂಗ್ ಮಾಡುವ ನಮ್ಮ ಗುಂಪಿನಲ್ಲಿ ಒಂದು ವಾದ ಎಷ್ಟೋ ವರ್ಷಗಳಿಂದ ನಡೆಯುತ್ತಲೇ ಇದೆ. 'ಡಾಕ್ಟರ್ ಹೂ' ಅಂದರೆ ಬಿಬಿಸಿಯ ವಿಜ್ಞಾನ ಕಥೆಗಳ ಟಿವಿ ಸರಣಿ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ 'ಡಾಕ್ಟರ್' ಅನ್ನುವ ಒಂದೇ ಪಾತ್ರವನ್ನು ಒಬ್ಬರಾದ ಮೇಲೊಬ್ಬ ನಟರು ಮಾಡುತ್ತಾ ಬಂದಿದ್ದಾರೆ. ಅದರಲ್ಲಿ ಯಾವ ಡಾಕ್ಟರ್ ಕಾಲಕ್ಕೆ ಯಾವ ಕಥೆ ಬೆಸ್ಟ್? ನಿಯಮ ಇಷ್ಟೇ. ಒಬ್ಬ ನಟನಿಗೆ ಒಂದೇ ಕಥೆ. ಎರಡು ಹೇಳಿದರೆ ಎರಡೂ ರದ್ದು. 1963ರ ವಿಲಿಯಂ ಹಾರ್ಟ್ನೆಲ್‌ನಿಂದ ಹಿಡಿದು ಮೊನ್ನೆ ಮೊನ್ನೆಯ ಹದಿನೈದನೇ ಡಾಕ್ಟರ್ ಶೂಟಿ ಗಾಟ್ವಾವರೆಗೆ ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಹಾರ್ಟ್ನೆಲ್, ಟ್ರಾಟನ್ ಬಗ್ಗೆ ನಡೆಯುತ್ತಲೇ ಮಾತಾಡುತ್ತೇವೆ. ಟಾಮ್ ಬೇಕರ್ ಹತ್ತಿರ ಬಂದಾಗ ಕಾಲು ನಿಂತುಬಿಡುತ್ತದೆ. ಅಲ್ಲೇ ಬೆಂಚಿನ ಮೇಲೆ ಕೂತರೆ ಆಯ್ತು, ಬಿಸಿಲೇರುವ ತನಕ ಯಾರೂ ಏಳುವುದಿಲ್ಲ. ಎದುರಿಗೆ ಹೆಜ್ಜಾರ್ಲೆಗಳು ಇಳಿಯುತ್ತಿರುತ್ತವೆ, ಅವುಗಳ ಕಡೆ ನೋಡಲೂ ಪುರುಸೊತ್ತಿರುವುದಿಲ್ಲ.

ಈಚೆಗೆ ಒಂದು ದಿನ ಅಂತೂ ಇಂತೂ ಪಟ್ಟಿ ಮುಗಿಯಿತು. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು ಅದನ್ನು ಮೊಬೈಲ್‌ನಲ್ಲಿ ಟೈಪ್ ಮಾಡಿ ಎಲ್ಲರಿಗೂ ಕಳಿಸಿದಳು. ರಾತ್ರಿ ಊಟ ಆದ ಮೇಲೆ ನಾನು ಅದನ್ನು ಮತ್ತೆ ಓದಿದೆ. ಒಂದಕ್ಕಿಂತ ಒಂದು ಚೆನ್ನಾಗಿರುವ ಕಥೆಗಳು. ಯಾವುದನ್ನೂ ತೆಗೆಯುವ ಹಾಗಿಲ್ಲ. ಆದರೂ ಏನೋ ಸರಿಯಿಲ್ಲ ಅನ್ನಿಸಿತು. ಈ ಸರಣಿಯನ್ನು ನೋಡೇ ಇರದ ಯಾರಿಗಾದರೂ ಈ ಪಟ್ಟಿ ಕೊಟ್ಟು, "ಇಷ್ಟು ನೋಡು, ಸಾಕು" ಅಂದರೆ, ಅವರಿಗೆ ಇದು ಎಂಥ ಸರಣಿ ಅಂತ ಗೊತ್ತೇ ಆಗುವುದಿಲ್ಲ. ಆ ವಿಚಾರ ಅಂದಿನಿಂದ ತಲೆಯಲ್ಲೇ ಕೂತಿದೆ.

ಪಟ್ಟಿಯಲ್ಲಿ ಡಾಕ್ಟರ್ ಎಲ್ಲಿ?

ಐದನೇ ಡಾಕ್ಟರ್ ಪೀಟರ್ ಡೇವಿಸನ್‌ನಿಂದಲೇ ಶುರು ಮಾಡುತ್ತೇನೆ. ಅವನ ವಿಷಯದಲ್ಲಿ ನಮ್ಮಲ್ಲಿ ವಾದವೇ ಆಗಲಿಲ್ಲ. ಎಲ್ಲರೂ ಒಂದೇ ಬಾಯಲ್ಲಿ 'ದ ಕೇವ್ಸ್ ಆಫ್ ಆಂಡ್ರೋಝಾನಿ' ಅಂದರು. 1984ರ ಕಥೆ, ಡೇವಿಸನ್‌ಗೆ ಕೊನೆಯದು. 2009ರಲ್ಲಿ 'ಡಾಕ್ಟರ್ ಹೂ ಮ್ಯಾಗಜೀನ್' ಓದುಗರಿಂದ ಮತ ಹಾಕಿಸಿದಾಗ ಅಲ್ಲಿಯವರೆಗಿನ ಎಲ್ಲ ಕಥೆಗಳನ್ನೂ ಹಿಂದೆ ಹಾಕಿ ಮೊದಲು ಬಂದಿದ್ದು ಇದೇ. ಸರಿ, ಆದರೆ ಡೇವಿಸನ್ ಕಾಲ ಅಂದರೆ ನಮಗೆ ಏನು ನೆನಪಾಗುತ್ತದೆ? ಕ್ರಿಕೆಟ್ ಆಟಗಾರನ ಉಡುಪು. ಜನ ತುಂಬಿದ ಟಾರ್ಡಿಸ್, ಅಂದರೆ ಡಾಕ್ಟರ್‌ನ ಕಾಲಯಂತ್ರ. ಜೊತೆಗಾರರಾದ ಆಡ್ರಿಕ್, ನಿಸ್ಸಾ, ಟೀಗನ್ ಒಬ್ಬರ ಮೇಲೊಬ್ಬರು ರೇಗುತ್ತಿರುವಾಗ ಮಧ್ಯೆ ನಿಂತು ಸಮಾಧಾನ ಹೇಳುವ, ತುಸು ಸಂಕೋಚದ, ಒಳ್ಳೆ ಮನಸ್ಸಿನ ಹುಡುಗ. ಆಂಡ್ರೋಝಾನಿಯಲ್ಲಿ ಅದ್ಯಾವುದೂ ಇಲ್ಲ. ಬಂದೂಕು ಸಾಗಿಸುವವರು, ಲಾಭಕ್ಕಾಗಿ ಯುದ್ಧ ಬೆಳೆಸುವ ಕಂಪನಿ ಧಣಿ, ಕೆಸರು, ವಿಷ. ಕೊನೆಗೆ ಹೆಚ್ಚುಕಮ್ಮಿ ಎಲ್ಲರೂ ಸಾಯುತ್ತಾರೆ. ಬರೆದಿದ್ದು ರಾಬರ್ಟ್ ಹೋಮ್ಸ್. ಅವರ ಹೆಸರು ಗಟ್ಟಿಯಾಗಿದ್ದು ಹಿಂದಿನ ಇಬ್ಬರು ಡಾಕ್ಟರ್‌ಗಳ ಕಾಲದಲ್ಲಿ. ಎಷ್ಟೋ ವರ್ಷ ಬಿಟ್ಟು ಮತ್ತೆ ಬಂದು ಈ ಕಥೆ ಕೊಟ್ಟರು. ಅಂದರೆ ಡೇವಿಸನ್ ಕಾಲದ ಬೆಸ್ಟ್ ಕಥೆ ಡೇವಿಸನ್ ಕಾಲದ ಹಾಗೇ ಇಲ್ಲ.

ಹತ್ತನೇ ಡಾಕ್ಟರ್ ಡೇವಿಡ್ ಟೆನೆಂಟ್‌ಗೆ ಬನ್ನಿ. ನಮ್ಮ ಪಟ್ಟಿಯಲ್ಲಿ ನಿಂತಿದ್ದು 2007ರ 'ಬ್ಲಿಂಕ್'. ಕಣ್ಣು ಮಿಟುಕಿಸಿದರೆ ಹತ್ತಿರ ಬರುವ ಕಲ್ಲಿನ ದೇವತೆಗಳ ಕಥೆ, ಗೊತ್ತಲ್ಲ. ಅದರಲ್ಲಿ ಡಾಕ್ಟರ್ ಇರುವುದೇ ಕೆಲವು ನಿಮಿಷ. ಇಡೀ ಕಥೆಯನ್ನು ಎತ್ತಿ ನಿಲ್ಲಿಸಿದ್ದು ಕ್ಯಾರಿ ಮಲ್ಲಿಗನ್ ಮಾಡಿದ ಸ್ಯಾಲಿ ಸ್ಪ್ಯಾರೋ. ಎರಡನೇ ಸ್ಥಾನಕ್ಕೆ ಕಾದಾಡಿದ್ದು 2008ರ 'ಮಿಡ್‌ನೈಟ್'. ಅದರಲ್ಲಿ ಜೊತೆಗಾರ್ತಿ ಡೋನಾ ಹೆಚ್ಚುಕಮ್ಮಿ ಇಲ್ಲ, ಟಾರ್ಡಿಸ್ ಇಲ್ಲ. ಒಂದು ಗಾಡಿಯೊಳಗೆ ಸಿಕ್ಕಿಕೊಂಡ ಪ್ರಯಾಣಿಕರು, ಡಾಕ್ಟರ್ ಬಾಯಿಂದ ಮಾತೇ ಕಿತ್ತುಕೊಳ್ಳುವ ಒಂದು ಕಾಣದ ಜೀವಿ. ಕಪಾಲ್ಡಿಗೆ 2015ರ 'ಹೆವನ್ ಸೆಂಟ್': ಒಂದು ಕೋಟೆ, ಒಬ್ಬನೇ ಮನುಷ್ಯ. ಮ್ಯಾಟ್ ಸ್ಮಿತ್‌ಗೆ 2010ರ 'ವಿನ್ಸೆಂಟ್ ಅಂಡ್ ದ ಡಾಕ್ಟರ್': ಅದರಲ್ಲಿ ರಾಕ್ಷಸ ಇದೆ ಅನ್ನುವುದು ನೋಡಿದವರಿಗೆ ನೆನಪೇ ಇರುವುದಿಲ್ಲ, ನೆನಪಿರುವುದು ವ್ಯಾನ್ ಗೋ ಅತ್ತಿದ್ದು.

ಎಲ್ಲವೂ ಆಯಾ ಕಾಲದ ದಾರಿ ಬಿಟ್ಟು ಪಕ್ಕಕ್ಕೆ ಹೋದ ಕಥೆಗಳೇ. ನಾವು ಆರಿಸಿದ್ದು ಆ ಕಾಲ ಯಾವತ್ತೋ ಒಂದು ದಿನ ಹೇಗಿತ್ತು ಅನ್ನುವುದನ್ನು. ವಾರ ವಾರ ಹೇಗಿತ್ತು ಅನ್ನುವುದು ಪಟ್ಟಿಯಿಂದ ಪೂರ್ತಿ ಬಿದ್ದುಹೋಗಿದೆ.

ಎರಡನೇ ಕೃಷ್ಣ

ಇದಕ್ಕೆ ಒಂದು ದಾರಿ ತೋರಿಸಿದ್ದು ನಮ್ಮ ಸೋದರಮಾವ. ಅವರ ಊರು ಪಾಂಡವಪುರದ ಹತ್ತಿರ. ಕಬ್ಬು, ಭತ್ತ, ವಿಶ್ವೇಶ್ವರಯ್ಯ ನಾಲೆ, ವರ್ಷಕ್ಕೊಂದು ಹಬ್ಬ. ಹಬ್ಬ ಅಂದಮೇಲೆ 'ಕುರುಕ್ಷೇತ್ರ' ನಾಟಕ ಇರಲೇಬೇಕು. ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಶುರುವಾದರೆ ಬೆಳಕು ಹರಿಯುವ ತನಕ. ಪಾರ್ಟು ಮಾಡುವವರೇ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿ, ತಿಂಗಳುಗಟ್ಟಲೆ ರಾತ್ರಿ ಹೊತ್ತು ಪದ್ಯ ಕಲಿತು ರಂಗಕ್ಕೆ ಏರುತ್ತಾರೆ.

ಒಂದು ಸಲ ಮಾವನ ಮನೆ ಜಗಲಿ ಮೇಲೆ ಕೂತು ನಾನು ಲ್ಯಾಪ್‌ಟಾಪ್‌ನಲ್ಲಿ ಮೂರನೇ ಡಾಕ್ಟರ್ ಜಾನ್ ಪರ್ಟ್ವೀ ಕಾಲದ್ದೊಂದು ಕಂತು ನೋಡುತ್ತಿದ್ದೆ. ಮಾವ ಗದ್ದೆಯಿಂದ ಬಂದವರು ಪಕ್ಕದಲ್ಲಿ ಕೂತು, ಏನದು ಅಂತ ಕೇಳಿದರು. ಹೇಳಿದೆ. 1966ರಲ್ಲಿ ಮೊದಲನೇ ನಟನ ಆರೋಗ್ಯ ಕೆಟ್ಟಾಗ ಪಾತ್ರದ ಮುಖವನ್ನೇ ಬದಲಾಯಿಸಿಬಿಟ್ಟರು, ಅವತ್ತಿಂದ ಇವತ್ತಿನವರೆಗೂ ಒಂದೇ ಪಾತ್ರವನ್ನು ಬೇರೆ ಬೇರೆಯವರು ಮಾಡುತ್ತಲೇ ಇದ್ದಾರೆ ಅಂದೆ. ಈ ಮಾತು ಹೇಳಿದಾಗ ಯಾರಿಗಾದರೂ ಆಶ್ಚರ್ಯ ಆಗುತ್ತದೆ. ಮಾವನಿಗೆ ಆಗಲಿಲ್ಲ.

"ಅದ್ರಲ್ಲೇನಾಯ್ತವ್ವ? ನಮ್ಮೂರಲ್ಲಿ ಒಂದೇ ರಾತ್ರಿಗೆ ಮೂರ್ ಜನ ಕೃಷ್ಣ ಮಾಡ್ತರೆ."

ನಿಜ ಅಲ್ವಾ! ಅವರು ಒಳಗೆ ಹೋಗಿ ಬೀರುವಿನಿಂದ ಒಂದು ಹ್ಯಾಂಡ್‌ಬಿಲ್ ತಂದರು. ಹಳದಿ ಕಾಗದ, ನಾಲ್ಕು ಮಡಿಕೆ, ಮಡಿಕೆ ಇರುವ ಕಡೆಯೆಲ್ಲ ಹರಿಯುವ ಹಾಗಾಗಿತ್ತು. ಮೇಲೆ ಊರ ದೇವತೆಯ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ ನಾಟಕದ ಹೆಸರು, ಆಮೇಲೆ ಎರಡು ಸಾಲಿನಲ್ಲಿ ಪಾತ್ರಗಳು. ಕೃಷ್ಣ 1, ಕೃಷ್ಣ 2, ಕೃಷ್ಣ 3 ಅಂತ ಒಂದರ ಕೆಳಗೊಂದು, ಎದುರಿಗೆ ಒಬ್ಬೊಬ್ಬರ ಹೆಸರು. ಎರಡನೇ ಕೃಷ್ಣನ ಮುಂದೆ ಮಾವನ ಹೆಸರಿತ್ತು. ಅದರ ಮೇಲೆ ಅರಿಶಿನದ ಬೆರಳಿನ ಗುರುತು. ಪೂಜೆಗೆ ಇಟ್ಟಿದ್ದಂತೆ. ಮೊದಲನೇ ಕೃಷ್ಣನಿಗೆ ಶುರುವಿನ ಸೀನ್‌ಗಳು, ಎರಡನೆಯವನಿಗೆ ಸಂಧಾನ, ಮೂರನೆಯವನಿಗೆ ರಣರಂಗ. ಹಾಡು ಅಷ್ಟಿರುತ್ತದೆ, ಒಬ್ಬನ ಗಂಟಲು ಬೆಳಗಿನ ತನಕ ತಡೆಯುವುದಿಲ್ಲ. ಪಾರ್ಟು ಬೇಕು ಅನ್ನುವವರೂ ಜಾಸ್ತಿ.

"ಹಂಗಾದ್ರೆ ಸಂಧಾನದ ಕೃಷ್ಣನೇ ಬೆಸ್ಟ್ ಅಲ್ವಾ ಮಾವ?" ಅಂದೆ. ಅದೇ ದೊಡ್ಡ ಸೀನ್. ಜನ ಒನ್ಸ್ ಮೋರ್ ಕೂಗುವುದೂ ಅಲ್ಲೇ. ಪಾರ್ಟು ಮಾಡಿದವರೂ ಅವರೇ, ಹೌದು ಅನ್ನುತ್ತಾರೆ ಅಂದುಕೊಂಡಿದ್ದೆ.

"ಸಂಧಾನ ಯಾರ್ ಮಾಡುದ್ರೂ ಗೆಲ್ತದೆ ಕಣವ್ವ," ಅಂದರು. "ಎದುರ್ಗೆ ದುರ್ಯೋಧ್ನ ಅವ್ನೆ, ಸಭೆ ಐತೆ, ಪದ್ಯ ಒಳ್ಳೇವವೆ. ಆ ಸೀನೇ ನಿನ್ನ ಎತ್ಕಂಡು ಹೋಯ್ತದೆ. ಕಷ್ಟ ಇರಾದು ಮೊದ್ಲನೇ ಕೃಷ್ಣುಂಗೆ. ಜನ ಇನ್ನೂ ಚಾಪೆ ಹಾಸ್ಕತಾವ್ರೆ, ಮೈಕು ಕುಯ್ ಅಂತೈತೆ, ಮಕ್ಳು ಅಳ್ತಾವೆ. ಆಗ ಬಂದು ನಿಂತ್ಕಂಡು ಕೃಷ್ಣ ಅನ್ನಿಸ್ಬೇಕಲ್ಲ, ಅವ್ನೇ ಕಣವ್ವ ಕೃಷ್ಣ."

ನಮ್ಮ ಪಟ್ಟಿಯನ್ನು ಓದಿದ ರಾತ್ರಿ ಈ ಮಾತು ವಾಪಸ್ ನೆನಪಾಯಿತು. 'ಬ್ಲಿಂಕ್' ಸಂಧಾನದ ಸೀನ್. ಆ ಸ್ಕ್ರಿಪ್ಟ್ ಕೊಟ್ಟರೆ ಯಾವ ಡಾಕ್ಟರ್ ಇದ್ದರೂ ಗೆಲ್ಲುತ್ತಿದ್ದ. ಅದು ಸ್ಟೀವನ್ ಮೊಫಟ್ ಎಂಥ ಬರಹಗಾರ ಅನ್ನುವುದನ್ನು ಹೇಳುತ್ತದೆ, ಟೆನೆಂಟ್ ಎಂಥ ಡಾಕ್ಟರ್ ಅನ್ನುವುದನ್ನು ಅಷ್ಟಾಗಿ ಹೇಳುವುದಿಲ್ಲ. ಟೆನೆಂಟ್ ಬೇಕಾದರೆ ಅದೇ ವರ್ಷದ 'ಸ್ಮಿತ್ ಅಂಡ್ ಜೋನ್ಸ್' ನೋಡಬೇಕು. ಲಂಡನ್ನಿನ ಒಂದು ಆಸ್ಪತ್ರೆ ರೋಗಿಗಳ ಸಮೇತ ಚಂದ್ರನ ಮೇಲೆ ಹೋಗಿ ಬೀಳುತ್ತದೆ. ಖಡ್ಗಮೃಗದ ಮುಖದ ಪೊಲೀಸರು ಬರುತ್ತಾರೆ. ಕಥೆ ಅಂತ ಹೇಳಿಕೊಳ್ಳುವಂಥದ್ದೇನಿಲ್ಲ. ಆದರೆ ಮೈಗೇರಿದ ವಿಕಿರಣವನ್ನೆಲ್ಲ ಒಂದು ಕಾಲಿಗೆ ಇಳಿಸಿ, ಕುಣಿದು ಕುಪ್ಪಳಿಸಿ, ಶೂ ಬಿಚ್ಚಿ ಕಸದ ಬುಟ್ಟಿಗೆ ಎಸೆಯುತ್ತಾನಲ್ಲ, ಅದು ಟೆನೆಂಟ್. ಎಲ್ಲರೂ ಕಿರುಚಾಡುತ್ತಿರುವಾಗ ಅಲ್ಲಿನ ವೈದ್ಯಕೀಯ ವಿದ್ಯಾರ್ಥಿನಿ ಮಾರ್ಥಾಳನ್ನು ಕೇಳಿ, ಬಾಲ್ಕನಿಗೆ ಕರೆದುಕೊಂಡು ಹೋಗಿ ಭೂಮಿಯನ್ನು ನೋಡುತ್ತ ನಿಲ್ಲುತ್ತಾನಲ್ಲ, ಅದೂ ಟೆನೆಂಟ್. ಡೇವಿಸನ್‌ಗೆ ಅದೇ ಲೆಕ್ಕದಲ್ಲಿ ನಾನು 1982ರ 'ದ ವಿಸಿಟೇಷನ್' ಹೇಳುತ್ತೇನೆ. ಟಾರ್ಡಿಸ್‌ನಲ್ಲಿ ಅದೇ ಜಗಳ, ಹದಿನೇಳನೇ ಶತಮಾನದ ಕಾಡು, ಎಲ್ಲ ಕೆಲಸಕ್ಕೂ ಒದಗುವ ಅವನ ಸಾನಿಕ್ ಸ್ಕ್ರೂಡ್ರೈವರ್ ಸುಟ್ಟುಹೋದಾಗ ಅವನ ಮುಖದಲ್ಲಿ ಕಾಣುವ ಬೇಜಾರು, ಕೊನೆಗೆ 1666ರ ಲಂಡನ್ ಬೆಂಕಿ. ಸುಮ್ನೆ ಒಂದು ವಾರದ ಕಥೆ. ಆ ಕಾಲ ಪೂರ್ತಿ ಅದರಲ್ಲಿದೆ.

ಸಿಗದ ರೀಲುಗಳು

ಪ್ಯಾಟ್ರಿಕ್ ಟ್ರಾಟನ್ ವಿಷಯ ಇನ್ನೂ ಕಷ್ಟ. ಅವರ ಕಾಲದ ಅರ್ಧಕ್ಕೆ ಹತ್ತಿರ ಕಂತುಗಳು ಇಲ್ಲವೇ ಇಲ್ಲ. ವಿಡಿಯೊ ಟೇಪ್ ದುಬಾರಿ ಅಂತ ಬಿಬಿಸಿಯವರು ಅಳಿಸಿ ಮತ್ತೆ ಬಳಸಿದರು, ವಿದೇಶಕ್ಕೆ ಮಾರಲು ತೆಗೆದ ಫಿಲ್ಮ್ ಪ್ರತಿಗಳನ್ನೂ ಆಮೇಲೆ ಬಿಸಾಕಿದರು. ಪ್ರಸಾರವಾದ ದಿನ ಟಿವಿ ಮುಂದೆ ಮೈಕ್ ಹಿಡಿದು ಧ್ವನಿ ರೆಕಾರ್ಡ್ ಮಾಡಿಕೊಂಡ ಅಭಿಮಾನಿಗಳ ಪುಣ್ಯಕ್ಕೆ ಪ್ರತಿ ಕಂತಿನ ಸದ್ದಾದರೂ ಉಳಿದಿದೆ. ಹಾಗಿರುವಾಗ ಟ್ರಾಟನ್ ಕಾಲದ ಬೆಸ್ಟ್ ಕಥೆ ಅಂದರೆ ಏನರ್ಥ? ಉಳಿದದ್ದರಲ್ಲಿ ಬೆಸ್ಟ್ ಅಂತಲಾ?

'ದ ಎನಿಮಿ ಆಫ್ ದ ವರ್ಲ್ಡ್' ಆರು ಕಂತಿನ ಕಥೆ. 1967ರ ಕೊನೆಯಲ್ಲಿ ಶುರುವಾಗಿ 1968ಕ್ಕೆ ಮುಗಿದಿದ್ದು. ಬಹಳ ಕಾಲ ಅದರ ಮೂರನೇ ಕಂತು ಒಂದೇ ಉಳಿದಿತ್ತು. ಆ ಕಂತಿನಲ್ಲಿ ಗೊಣಗುವ ಒಬ್ಬ ಅಡುಗೆಯವನು ಇದ್ದಾನೆ. ಅಡುಗೆಮನೆಯಲ್ಲಿ ನಿಂತು ಎಲ್ಲದಕ್ಕೂ ಸಪ್ಪೆ ಮುಖ ಮಾಡಿ ಮಾತಾಡುತ್ತಾನೆ. ಚೆನ್ನಾಗಿಯೇ ಇದೆ. ಆದರೆ ಇಡೀ ಕಥೆಯಲ್ಲಿ ನಮಗೆ ಸಿಕ್ಕಿದ್ದು ಅದೊಂದೇ ಆಗಿದ್ದರಿಂದ ಇದೊಂದು ನಿಧಾನದ, ಸಾಧಾರಣ ಕಥೆ ಅಂತ ಎಲ್ಲರೂ ಪಕ್ಕಕ್ಕೆ ಇಟ್ಟಿದ್ದರು. 2013ರಲ್ಲಿ ನೈಜೀರಿಯಾದ ಜೋಸ್ ಊರಿನಲ್ಲಿ ಉಳಿದ ಐದು ಕಂತುಗಳ ಫಿಲ್ಮ್ ಸಿಕ್ಕವು. 'ದ ವೆಬ್ ಆಫ್ ಫಿಯರ್' ಕಥೆಯ ನಾಲ್ಕು ಕಂತೂ ಜೊತೆಗೆ ಬಂದವು. ನೋಡಿದರೆ ಎಂಥ ವೇಗ! ಹೆಲಿಕಾಪ್ಟರ್, ಹೋವರ್‌ಕ್ರಾಫ್ಟ್, ಡಾಕ್ಟರ್ ಮತ್ತು ಅವನಂತೆಯೇ ಇರುವ ಸರ್ವಾಧಿಕಾರಿ ಸಲಮಾಂಡರ್ ಎರಡೂ ಟ್ರಾಟನ್ನೇ. ಒಂದೇ ಮುಖ, ಆದರೆ ಕಣ್ಣು ನೋಡಿದರೆ ಯಾರು ಯಾರು ಅಂತ ಗೊತ್ತಾಗುತ್ತದೆ. ಎಲ್ಲೋ ಕೆಳಗಿದ್ದ ಕಥೆ ಜನರ ಪಟ್ಟಿಗಳಲ್ಲಿ ಮೇಲಕ್ಕೆ ಹತ್ತಿತು. ಕಥೆ ಬದಲಾಗಿರಲಿಲ್ಲ. 45 ವರ್ಷದ ಹಿಂದೆ ಮಾಡಿಟ್ಟದ್ದೇ.

ಇದರ ಉಲ್ಟಾ ಕೂಡ ನಡೆದಿದೆ. 'ದ ಟೂಂಬ್ ಆಫ್ ದ ಸೈಬರ್‌ಮೆನ್' ಕಳೆದುಹೋಗಿದ್ದಾಗ ಅದರಂಥ ಕಥೆ ಇನ್ನೊಂದಿಲ್ಲ ಅನ್ನುವ ಮಾತಿತ್ತು. 1990ರ ದಶಕದ ಶುರುವಿನಲ್ಲಿ ಹಾಂಗ್‌ಕಾಂಗ್‌ನಿಂದ ನಾಲ್ಕೂ ಕಂತು ವಾಪಸ್ ಬಂದವು. ಆಮೇಲೂ ಅದನ್ನು ಮೆಚ್ಚುವವರೇ ಜಾಸ್ತಿ. ಆದರೆ ನೆನಪಿನಲ್ಲಿ ಬೆಳೆದಿದ್ದ ಅಷ್ಟು ದೊಡ್ಡ ಕಥೆ ಪರದೆ ಮೇಲೆ ಇರಲಿಲ್ಲ.

ನಮ್ಮ ಗುಂಪಿನಲ್ಲಿ ನಾನು ಹಾರ್ಟ್ನೆಲ್‌ಗೆ 1964ರ 'ಮಾರ್ಕೋ ಪೋಲೊ' ಹೇಳಿದಾಗ ಗಲಾಟೆ ಎದ್ದಿತು. ಏಳು ಕಂತು, ಒಂದೂ ಉಳಿದಿಲ್ಲ. "ನೋಡೇ ಇಲ್ಲದ್ದನ್ನ ಬೆಸ್ಟ್ ಅಂತೀರಾ ಮೇಡಂ?" ಅಂದರು. ನಾನು ಬಿಡಲಿಲ್ಲ. ಧ್ವನಿ ಕೇಳಿದ್ದೇನೆ, ಚಿತ್ರಗಳನ್ನು ನೋಡಿದ್ದೇನೆ. ಟಾರ್ಡಿಸ್ ಕೆಟ್ಟು, ಡಾಕ್ಟರ್ ಮತ್ತು ಜೊತೆಯವರು ಮಾರ್ಕೋ ಪೋಲೊನ ತಂಡದ ಜೊತೆ ಮರುಭೂಮಿ ದಾಟಿ ಕುಬ್ಲಾಯ್ ಖಾನನ ಅರಮನೆಗೆ ಹೋಗುವ ಕಥೆ. ರಾಕ್ಷಸರಿಲ್ಲ, ನೀರು ಸಿಗದ ರಾತ್ರಿಗಳಿವೆ, ಮೋಸ ಮಾಡುವ ಜೊತೆಗಾರನಿದ್ದಾನೆ. ಮಕ್ಕಳಿಗೆ ಇತಿಹಾಸವನ್ನೂ ವಿಜ್ಞಾನವನ್ನೂ ಕಥೆಯಲ್ಲೇ ಹೇಳಬೇಕು ಅಂತ ಹೊರಟ ಆ ಮೊದಲ ದಿನಗಳು ಇದರಲ್ಲಿ ಪೂರ್ತಿ ಇವೆ. ಇನ್ನೊಂದು ಕಾರಣವೂ ಇದೆ. ಏಳರಲ್ಲಿ ಆರು ಕಂತು ನಿರ್ದೇಶಿಸಿದವರು ವಾರಿಸ್ ಹುಸೇನ್. ಲಖನೌನಲ್ಲಿ ಹುಟ್ಟಿದವರು. 1963ರ ನವೆಂಬರ್ 23ರಂದು ಪ್ರಸಾರವಾದ ಸರಣಿಯ ಮೊಟ್ಟಮೊದಲ ಕಂತನ್ನು ಮಾಡಿದವರೂ ಅವರೇ. ಆಗ ಅವರಿಗೆ ಇಪ್ಪತ್ನಾಲ್ಕು ವರ್ಷ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೂ ಮೂವತ್ತು ಆಗಿರಲಿಲ್ಲ. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಎಷ್ಟು ಸಲ ಹೇಳಿದರೂ ನನಗೆ ಖುಷಿಯೇ.

ವಾರಕ್ಕೊಂದು ಕಂತು

ಗುಂಪಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಪಾಠ ಮಾಡಿ ನಿವೃತ್ತರಾದವರು, ಎಲ್ಲರೂ ಸರ್ ಅನ್ನುತ್ತೇವೆ. 1979ರಲ್ಲಿ ಸಂಶೋಧನೆಗೆ ಅಂತ ಇಂಗ್ಲೆಂಡಿನಲ್ಲಿದ್ದರು. ನಮ್ಮಲ್ಲಿ ಹಳೇ ಕಂತುಗಳನ್ನು ಪ್ರಸಾರವಾದ ದಿನವೇ ನೋಡಿದವರು ಅವರೊಬ್ಬರೇ. ಆ ವರ್ಷ ಬಿಬಿಸಿಗೆ ಪೈಪೋಟಿಯಾಗಿದ್ದ ಐಟಿವಿಯಲ್ಲಿ ಮುಷ್ಕರ ನಡೆದು ಆ ಚಾನೆಲ್ ಬಂದ್ ಆಗಿತ್ತು. 'ಸಿಟಿ ಆಫ್ ಡೆತ್' ಕಥೆಯ ಕೊನೆ ಕಂತನ್ನು ಒಂದೂವರೆ ಕೋಟಿಗೂ ಜಾಸ್ತಿ ಜನ ನೋಡಿದರು. ಹಾಸ್ಟೆಲ್ಲಿನ ಟಿವಿ ರೂಮಿನಲ್ಲಿ ನಿಲ್ಲಲೂ ಜಾಗ ಇರಲಿಲ್ಲ, ಕೋಟು ಬಿಚ್ಚದೆ ಬಾಗಿಲ ಹತ್ತಿರ ನಿಂತು ನೋಡಿದೆ ಅನ್ನುತ್ತಾರೆ ಸರ್.

ನಾನು ನನ್ನ ತಕರಾರನ್ನು ಅವರ ಮುಂದಿಟ್ಟೆ. ನಾವು ಆರಿಸಿದ್ದೆಲ್ಲ ದಾರಿ ಬಿಟ್ಟ ಕಥೆಗಳು ಸರ್, ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೆ ಆಗ ದಾರಿ ಯಾವುದು, ಪಕ್ಕ ಯಾವುದು ಅಂತ ಗೊತ್ತಿರ್ಲಿಲ್ಲಮ್ಮ. ಶನಿವಾರ ಬರೋದು, ನೋಡ್ತಿದ್ವಿ. ತಪ್ಪಿದ್ರೆ ತಪ್ಪಿತು," ಅಂದರು. ಈ ಮಾತು ಸರಿ. ಹೋಲಿಸುವುದಕ್ಕೆ ಎಲ್ಲವೂ ಒಟ್ಟಿಗೆ ಕೈಗೆ ಸಿಗಬೇಕು. ನಮಗೆ ಸಿಕ್ಕಿದೆ. ಒಂದೇ ವಾರದಲ್ಲಿ ಮೂರು ಡಾಕ್ಟರ್‌ಗಳನ್ನು ನೋಡುವವರು ನಾವು. ಹಾಗೆ ನೋಡುವವರಿಗೆ ಎದ್ದು ಕಾಣುವುದು ಬೇರೆ ಥರ ಇರುವುದೇ.

ಪರ್ಟ್ವೀ ಕಾಲದ ಕಥೆಗಳಿಗೆ ಇದರಿಂದ ಆಗುವ ಅನ್ಯಾಯ ದೊಡ್ಡದು. ಆರು ಕಂತು, ಏಳು ಕಂತು. ಒಂದೇ ರಾತ್ರಿ ಕೂತು ನೋಡಿದರೆ ನಾಲ್ಕನೇ ಕಂತಿನಲ್ಲಿ ಎಳೆದ ಹಾಗೆ ಅನ್ನಿಸುತ್ತದೆ. ಮತ್ತೆ ಸಿಕ್ಕಿಬಿದ್ದರಾ, ಮತ್ತೆ ತಪ್ಪಿಸಿಕೊಂಡರಾ ಅಂತ. ಅವು ಒಂದೇ ರಾತ್ರಿಗೆ ಮಾಡಿದವಲ್ಲ. ಇದನ್ನು ಪರೀಕ್ಷೆ ಮಾಡೋಣ ಅಂತ 1973ರ 'ದ ಗ್ರೀನ್ ಡೆತ್' ಅನ್ನು ವಾರಕ್ಕೊಂದೇ ಕಂತಿನ ಹಾಗೆ ನೋಡಿದೆ. ವೇಲ್ಸ್‌ನ ಒಂದು ಗಣಿ ಊರು. ಗಣಿ ಮುಚ್ಚಿದೆ, ಕೆಮಿಕಲ್ ಕಂಪನಿ ಬಂದಿದೆ, ಕೆಲಸ ಸಿಗುತ್ತದೆ ಅಂತ ಊರವರಿಗೆ ಆಸೆ. ಕಂಪನಿಯ ಹೊಲಸು ಗಣಿಯೊಳಗೆ ಇಳಿದು ದೊಡ್ಡ ದೊಡ್ಡ ಹುಳ ಹುಟ್ಟುತ್ತವೆ. ವಾರ ಪೂರ್ತಿ ಮನಸ್ಸಿನಲ್ಲಿ ಆ ಹುಳ ಹರಿಯುತ್ತಿದ್ದವು. ಊರವರ ಕಷ್ಟ, ಕಂಪನಿಯವರ ಮಾತು ಎರಡನ್ನೂ ಯೋಚಿಸಲು ಸಮಯವಿತ್ತು. ಆರನೇ ವಾರ ಜೋ ಗ್ರಾಂಟ್ ಮದುವೆಯಾಗಲು ನಿರ್ಧರಿಸಿ ಹೊರಟಾಗ, ಮೂರು ವರ್ಷ ಜೊತೆಗಿದ್ದವಳು ಹೋದಳು ಅಂತ ನಿಜವಾಗಿ ಅನ್ನಿಸಿತು. ಭೂಮಿಯ ಮೇಲೆ ಕೆಲಸ ಮಾಡುವ ಡಾಕ್ಟರ್, ಬ್ರಿಗೇಡಿಯರ್, ಸೈನಿಕರು, ಸರ್ಕಾರ, ಹೊಗೆ ಉಗುಳುವ ಕಾರ್ಖಾನೆ. 1970ರ ದಶಕದ ಶುರು ಹೇಗಿತ್ತು ಅಂತ ಗೊತ್ತಾಗಬೇಕಾದರೆ ಇದನ್ನೇ ನೋಡಬೇಕು. ನಮ್ಮ ಪಟ್ಟಿಯಲ್ಲಿ ಇದ್ದದ್ದು 'ಇನ್‌ಫರ್ನೋ'. ಅದೂ ಒಳ್ಳೆಯದೇ, ಆದರೆ ಅದರ ಮುಖ್ಯ ಭಾಗ ನಡೆಯುವುದು ಇನ್ನೊಂದು ಲೋಕದಲ್ಲಿ.

ಟಾಮ್ ಬೇಕರ್ ಏಳು ವರ್ಷ ಮಾಡಿದರು, ನಡುವೆ ನಿರ್ಮಾಪಕರು ಬದಲಾದರು. ಅವರದ್ದು ಒಂದು ಕಾಲವೇ ಅಲ್ಲ, ಮೂರು. ಒಂದು ಕಥೆ ಅನ್ನುವ ನಿಯಮ ಅವರಿಗೆ ಸಲ್ಲುವುದಿಲ್ಲ. ಪಾಲ್ ಮೆಗ್ಯಾನ್‌ಗೆ ಇರುವುದು 1996ರ ಒಂದು ಟಿವಿ ಚಿತ್ರ, 2013ರ ಏಳು ನಿಮಿಷದ ಒಂದು ತುಣುಕು. ಅಲ್ಲಿ ಆರಿಸಲು ಏನೂ ಇಲ್ಲ.

ಎರಡೂ ಒಂದೇ ಆದಾಗ

ಈ ಲೆಕ್ಕಕ್ಕೆ ಸಿಗದ ಒಂದು ಕಥೆ ಇದೆ. ಜೋಡಿ ವಿಟ್ಟೇಕರ್ ಕಾಲದ 'ಡೀಮನ್ಸ್ ಆಫ್ ದ ಪಂಜಾಬ್', 2018. ಬರೆದವರು ವಿನಯ್ ಪಟೇಲ್. 1947ರ ಆಗಸ್ಟ್, ಒಂದು ಹೊಲ, ಅದರ ನಡುವೆ ಈಗಷ್ಟೇ ಎಳೆದ ಗಡಿ. ಹಿಂದೂ ಹುಡುಗ ಪ್ರೇಮ್, ಮುಸ್ಲಿಂ ಹುಡುಗಿ ಉಂಬ್ರೀನ್. ಡಾಕ್ಟರ್ ಅವರ ಮದುವೆ ಮಾಡಿಸುತ್ತಾಳೆ. ಮಾರನೇ ದಿನವಲ್ಲ, ಅದೇ ದಿನ ಪ್ರೇಮ್ ಸಾಯುತ್ತಾನೆ. ಅವನ ಸ್ವಂತ ತಮ್ಮನೇ ಕರೆತಂದ ಜನರ ಎದುರು. ದೆವ್ವಗಳು ಅಂದುಕೊಂಡಿದ್ದ ಅನ್ಯಗ್ರಹದವರು ಯಾರನ್ನೂ ಕೊಲ್ಲಲು ಬಂದವರಲ್ಲ. ಒಂಟಿಯಾಗಿ ಸಾಯುವವರ ಪಕ್ಕದಲ್ಲಿ ಸಾಕ್ಷಿಯಾಗಿ ನಿಲ್ಲಲು ಬಂದವರು. ಡಾಕ್ಟರ್ ಏನೂ ಮಾಡುವ ಹಾಗಿಲ್ಲ. ಬೆನ್ನು ತಿರುಗಿಸಿ ನಡೆಯಬೇಕು.

ವಿಟ್ಟೇಕರ್ ಡಾಕ್ಟರ್ ಮೇಲೆ ಜನ ಹೊರಿಸುವ ದೊಡ್ಡ ದೂರೇ ಅದು. ಅವಳು ಸುಮ್ಮನೆ ನಿಲ್ಲುತ್ತಾಳೆ, ನೋಡುತ್ತಾಳೆ, ತಡೆಯುವುದಿಲ್ಲ ಅಂತ. ಬೇರೆ ಕಥೆಗಳಲ್ಲಿ ಆ ದೂರು ನನಗೂ ಸರಿ ಅನ್ನಿಸಿದೆ. ಇಲ್ಲಿ ಆ ಸ್ವಭಾವವೇ ಕಥೆಯ ಬೆನ್ನೆಲುಬು. ಟೆನೆಂಟ್ ಇದ್ದಿದ್ದರೆ ಕಿರುಚುತ್ತಿದ್ದ. ಕಪಾಲ್ಡಿ ಇದ್ದಿದ್ದರೆ ಒಂದು ಭಾಷಣ ಮಾಡುತ್ತಿದ್ದ. ಈ ಕಥೆಗೆ ಬೇಕಾದದ್ದು ಮದುವೆ ಮಾಡಿಸಿ, ಪ್ರೀತಿಯ ಬಗ್ಗೆ ನಾಲ್ಕು ಮಾತಾಡಿ, ಆಮೇಲೆ ಹೊರಟುಹೋಗಬಲ್ಲ ಡಾಕ್ಟರ್. ನಮ್ಮಲ್ಲಿ ಅರ್ಧ ಜನ ಇದಕ್ಕೆ ಒಪ್ಪಲಿಲ್ಲ. ನಮ್ಮ ದೇಶದ ಕಥೆ ಅಂತ ನಿಮಗೆ ಮಮಕಾರ ಅಂದರು. ಮಮಕಾರ ಇದೆ, ಇರಬೇಕಾದದ್ದೇ. ಆದರೂ ಮಾವನ ಲೆಕ್ಕದಲ್ಲಿ ನೋಡಿದರೂ ಇದು ನಿಲ್ಲುತ್ತದೆ. ಇದನ್ನು ಇನ್ನೊಬ್ಬ ಕೃಷ್ಣ ಮಾಡಲಾರ.

ಹಾಗೆ ನೋಡಿದರೆ 'ಹೆವನ್ ಸೆಂಟ್' ಬಗ್ಗೆ ನನ್ನ ವಾದ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಅದು ಕಪಾಲ್ಡಿ ಕಾಲದ ದಿನನಿತ್ಯದ ಕಥೆಯಂತೂ ಅಲ್ಲ. ನನ್ನ ನಿಯಮದ ಪ್ರಕಾರ ಅದನ್ನು ತೆಗೆದು 2014ರ 'ಮಮ್ಮಿ ಆನ್ ದ ಓರಿಯೆಂಟ್ ಎಕ್ಸ್‌ಪ್ರೆಸ್' ಹಾಕಬೇಕು. ರೈಲು, ಕೊಲೆ, 66 ಸೆಕೆಂಡಿನ ಗಡುವು, ಸಾಯುತ್ತಿರುವವರನ್ನೇ ಪ್ರಶ್ನೆ ಕೇಳುವ ಗಡಸು ಡಾಕ್ಟರ್. ಆದರೆ ಒಬ್ಬನೇ ಮನುಷ್ಯ ನಾಲ್ಕೂವರೆ ನೂರು ಕೋಟಿ ವರ್ಷ ಒಂದೇ ಗೋಡೆಗೆ ಮುಷ್ಟಿಯಿಂದ ಗುದ್ದುವುದನ್ನು ಕಪಾಲ್ಡಿ ಬಿಟ್ಟು ಇನ್ಯಾರು ಮಾಡಿದ್ದರೂ ನಾನು ನಂಬುತ್ತಿರಲಿಲ್ಲ. ಟಾಮ್ ಬೇಕರ್ ಮಾಡಬಹುದಿತ್ತು ಅನ್ನುತ್ತಾರೆ ಸರ್. ನಾನು ಒಪ್ಪುವುದಿಲ್ಲ. ಬರುವ ಭಾನುವಾರ ವಾಕಿಂಗ್ ಬೇಡ, ಸರಸ್ವತಿಪುರಂನಲ್ಲಿ ಅವರ ಮನೆಯಲ್ಲೇ ಸೇರಿ ಈ ಎರಡು ಕಥೆಗಳನ್ನೂ ಹಾಕಿ ನೋಡುವುದು ಅಂತ ಮಾತಾಗಿದೆ.